ಭೂಪಟಕ್ಕೆ ಒಂದೇ ಬಣ್ಣ ಬಳಿದರೆ ನಾಡು ಒಂದಾದೀತೇ?

ರಾಜ್ಯ ಕಟ್ಟುವ ಆಟವೊಂದು ಈಗ ನಮ್ಮ ಮಕ್ಕಳ ಕೈಗೆ ಬಂದಿದೆ. ಚೆನ್ನೆಮಣೆಯ ಕಾಲ ಮುಗಿಯಿತೆಂದು ಹಿರಿಯರು ನಿಟ್ಟುಸಿರು ಬಿಡುತ್ತಿರುವಾಗಲೇ, ಮಂಗಳೂರು, ಬೆಂಗಳೂರುಗಳ ಕಾಲೇಜುಗಳಿಂದ ರಜೆಗೆ ಬರುವ ಅಣ್ಣಂದಿರ ಲ್ಯಾಪ್‌ಟಾಪಿನಲ್ಲಿ ಕುಳಿತು ಅದು ದೇಲಂಪಾಡಿಯ ತನಕ ಬಂದು ತಲುಪಿದೆ. ಅದರ ಹೆಸರು ‘ಕ್ರುಸೇಡರ್ ಕಿಂಗ್ಸ್’. ಸ್ವೀಡನ್ ದೇಶದ ಪ್ಯಾರಡಾಕ್ಸ್ ಎಂಬ ಕಂಪೆನಿಯು 2004ರಲ್ಲಿ ಇದನ್ನು ಮೊದಲು ಹೊರತಂದಿತು. ಎರಡನೆಯ ಆವೃತ್ತಿಗೆ 2014ರಲ್ಲಿ ಭಾರತದ ಅರಸರೂ ಸೇರ್ಪಡೆಯಾದರು. ಮೂರನೆಯದು 2020ರಲ್ಲಿ ಬಂತು. ಆಡುವವನು ಮಧ್ಯಯುಗದ ಒಬ್ಬ ಸಣ್ಣ ಅರಸನಾಗಿ ಹೊರಟು, ಮದುವೆ, ಮೈತ್ರಿ, ಒಳಸಂಚು, ಯುದ್ಧಗಳ ಮೂಲಕ ಸುತ್ತಲಿನ ಸೀಮೆಗಳನ್ನು ಒಂದೊಂದಾಗಿ ಕೂಡಿಸಿಕೊಂಡು, ಹರಿದು ಹಂಚಿಹೋದ ಪ್ರಾಂತವನ್ನು ಒಂದೇ ಛತ್ರದಡಿಗೆ ತರಬೇಕು. ಅರಸ ಸತ್ತರೆ ಅವನ ಉತ್ತರಾಧಿಕಾರಿಯಾಗಿ ಆಟ ಮುಂದುವರಿಸಬೇಕು.

ಇಂತಹ ಆಟಗಳಿಂದ ಮಕ್ಕಳು ಕೆಡುತ್ತಾರೆಂದು ದೂರುವ ರಕ್ಷಕರು ಬಹಳ ಮಂದಿ. ರಾತ್ರಿ ನಿದ್ದೆಗೆಟ್ಟು ಆಡಿ, ಬೆಳಗ್ಗೆ ತರಗತಿಯಲ್ಲಿ ಆಕಳಿಸುವವರನ್ನು ನಾವೂ ಬಲ್ಲೆವು. ಅದನ್ನು ಸಮರ್ಥಿಸುವ ಉದ್ದೇಶ ನಮಗಿಲ್ಲ. ಆದರೆ ಆ ಆಟ ಕೇಳುವ ಪ್ರಶ್ನೆಯಿದೆಯಲ್ಲ, ಅದು ಕೆಟ್ಟ ಪ್ರಶ್ನೆಯಲ್ಲ. ಹತ್ತಾರು ತುಂಡುಗಳಾಗಿರುವ ನಾಡೊಂದು ಒಂದಾಗುವುದು ಹೇಗೆ? ಈ ಪ್ರಶ್ನೆಯನ್ನು ನಾವು ನಿಂತಿರುವ ನೆಲದಲ್ಲೇ ಸಾವಿರ ವರ್ಷ ಕೇಳಿದ್ದಾರೆ, ಉತ್ತರವನ್ನೂ ಕೊಟ್ಟಿದ್ದಾರೆ. ಆಟದ ಉತ್ತರಕ್ಕೂ ನೆಲದ ಉತ್ತರಕ್ಕೂ ಎಲ್ಲೆಲ್ಲಿ ಹೊಂದುತ್ತದೆ, ಎಲ್ಲೆಲ್ಲಿ ಹೊಂದುವುದಿಲ್ಲ ಎಂಬುದನ್ನು ಈ ಸಂಚಿಕೆಯ ವಾಚಕರ ಮುಂದಿಡಬೇಕೆಂದು ನಮ್ಮ ಅಪೇಕ್ಷೆ.

ಆಟದ ಲೆಕ್ಕಾಚಾರ ಸ್ಥೂಲವಾಗಿ ಹೀಗಿದೆ. ಒಂದು ರಾಜ್ಯಕ್ಕೆ ಸೇರತಕ್ಕದ್ದೆಂದು ಗೆರೆ ಹಾಕಿದ ಸೀಮೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕೈವಶವಾಗಿ, ಬೊಕ್ಕಸದಲ್ಲಿ ಹಣವೂ ಇದ್ದರೆ ಆ ರಾಜ್ಯದ ಪಟ್ಟವನ್ನು ಕಟ್ಟಿಕೊಳ್ಳಬಹುದು. ನೆರೆಯವನ ಭೂಮಿಯ ಮೇಲೆ ಹಕ್ಕಿಲ್ಲದಿದ್ದರೆ ಪುರೋಹಿತನಿಂದಲೋ ಮಂತ್ರಿಯಿಂದಲೋ ಸುಳ್ಳು ಹಕ್ಕೊಂದನ್ನು ಸೃಷ್ಟಿಸಿ ದಂಡೆತ್ತಿ ಹೋಗಬಹುದು. ತಾನೇ ನೇರವಾಗಿ ಆಳಬಹುದಾದ ಸೀಮೆಗಳಿಗೆ ಮಿತಿಯಿದೆ. ಮಿತಿ ಮೀರಿದರೆ ಉಳಿದುದನ್ನು ಮಾಂಡಲಿಕರಿಗೆ ಬಿಟ್ಟುಕೊಡಬೇಕು, ಅವರನ್ನು ಸಂತುಷ್ಟರಾಗಿಟ್ಟುಕೊಳ್ಳಬೇಕು. ಈ ಕೊನೆಯ ಮಾತನ್ನು ಆಟ ಕಟ್ಟಿದವರು ಇತಿಹಾಸ ಓದಿಯೇ ಬರೆದಿದ್ದಾರೆ ಎಂಬುದರಲ್ಲಿ ಸಂದೇಹವಿಲ್ಲ. ಉಳಿದುದರಲ್ಲಿ ನಮಗೆ ತಕರಾರಿದೆ.

ಮದುವೆಯ ವಿಷಯವನ್ನೇ ಮೊದಲು ತೆಗೆದುಕೊಳ್ಳೋಣ. ಆಟದಲ್ಲಿ ಇದು ರಕ್ತ ಸುರಿಸದೆ ರಾಜ್ಯ ಬೆಳೆಸುವ ಉಪಾಯ. ನೆರೆರಾಜ್ಯದ ಉತ್ತರಾಧಿಕಾರಿಣಿಯನ್ನು ತಂದುಕೊಂಡರೆ ಹುಟ್ಟುವ ಮಗನಿಗೆ ಅಪ್ಪನ ರಾಜ್ಯವೂ ಅಮ್ಮನ ರಾಜ್ಯವೂ ಸೇರುತ್ತವೆ. ಯುರೋಪಿನಲ್ಲಿ ಹೀಗೆ ದೊಡ್ಡ ದೊಡ್ಡ ರಾಜ್ಯಗಳೇ ಕೂಡಿಕೊಂಡವು. ಆದರೆ ನಮ್ಮಲ್ಲಿ? ಬಂಗರು, ಚೌಟರು, ಅಜಿಲರು ಮೊದಲಾದ ತುಳುನಾಡಿನ ಅರಸುಮನೆತನಗಳಲ್ಲಿ ಇದ್ದುದು ಅಳಿಯಕಟ್ಟು. ಪಟ್ಟ ಹೋಗುವುದು ಮಗನಿಗಲ್ಲ, ಸಹೋದರಿಯ ಮಗನಿಗೆ. ಚಂದ್ರಗಿರಿ ಹೊಳೆಯಿಂದ ತೆಂಕಲಿಗೆ ನೀಲೇಶ್ವರ, ಕೋಲತ್ತುನಾಡುಗಳಲ್ಲೂ ಮರುಮಕ್ಕತ್ತಾಯವೆಂಬ ಹೆಸರಿನಲ್ಲಿ ಇದೇ ಪದ್ಧತಿ. ಇಲ್ಲಿ ಒಬ್ಬ ಅರಸ ಹತ್ತು ರಾಜಕುವರಿಯರನ್ನು ವರಿಸಿದರೂ ಅವರ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳು ತಾಯಿಯ ಮನೆಯವರೇ ಹೊರತು ತಂದೆಯ ಗದ್ದುಗೆಗೆ ವಾರಸುದಾರರಲ್ಲ. ಆದುದರಿಂದ ಮದುವೆಯಿಂದ ನಂಟು ಬೆಳೆಯುತ್ತಿತ್ತು, ರಾಜ್ಯ ಬೆಳೆಯುತ್ತಿರಲಿಲ್ಲ. ಒಂದೊಂದು ಬೀಡಿನ ಅರಸು ಶತಮಾನಗಟ್ಟಲೆ ಅಷ್ಟರಲ್ಲೇ ಉಳಿದುಕೊಂಡುದಕ್ಕೆ ಇದೂ ಒಂದು ಕಾರಣವಿರಬೇಕೆಂದು ನಮಗೆ ತೋರುತ್ತದೆ.

ನಂಟಾದರೂ ಯಾವಾಗಲೂ ಸಿಹಿಯಾಗಿರಲಿಲ್ಲ. ಉಳ್ಳಾಲದ ಚೌಟ ರಾಣಿಗೂ ಬಂಗರಸನಿಗೂ ಆದ ಮದುವೆ ಮುರಿದುಬಿದ್ದು, ಆಕೆ ಅವನ ಒಡವೆಗಳನ್ನು ಹಿಂದಕ್ಕೆ ಕಳುಹಿಸಿ, ಕೊನೆಗೆ ಅದು ಯುದ್ಧಕ್ಕೇ ತಿರುಗಿತು. 1623ರಲ್ಲಿ ಈ ಕಡೆಗೆ ಬಂದ ಪಿಯೆತ್ರೊ ದೆಲ್ಲ ವಲ್ಲೆ ಎಂಬ ಇಟಲಿಯ ಪ್ರವಾಸಿ ಆ ಕತೆಯನ್ನು ಬರೆದಿಟ್ಟಿದ್ದಾನೆ. ಬಂಗನ ಬೆಂಬಲಕ್ಕೆ ಪೋರ್ಚುಗೀಸರು, ರಾಣಿಯ ಬೆಂಬಲಕ್ಕೆ ಇಕ್ಕೇರಿಯ ವೆಂಕಟಪ್ಪ ನಾಯಕ. ಗಂಡಹೆಂಡಿರ ಜಗಳದಲ್ಲಿ ಲಾಭವಾದುದು ಘಟ್ಟದ ಮೇಲಿನ ಮೂರನೆಯವನಿಗೆ.

ಇದಕ್ಕೆ ಹೊರತಾದ ಉದಾಹರಣೆಯೂ ಒಂದಿದೆ. ಹೊಯ್ಸಳ ಮೂರನೆಯ ವೀರಬಲ್ಲಾಳನು ಆಳುಪ ಮನೆತನದ ಚಿಕ್ಕಾಯಿತಾಯಿಯನ್ನು ರಾಣಿಯಾಗಿ ಪಡೆದನು. 14ನೆಯ ಶತಮಾನದ ನಡುಭಾಗದಲ್ಲಿ ಆಕೆಯೇ ಬಾರಕೂರಿನಲ್ಲಿದ್ದುಕೊಂಡು ರಾಜ್ಯವಾಳಿದಳು. ಘಟ್ಟದ ಮೇಲಿನ ಬಲವನ್ನು ಕರಾವಳಿ ಒಪ್ಪಿಕೊಂಡುದು ಈ ನೆಲದ ಹೆಣ್ಣುಮಗಳೇ ಗದ್ದುಗೆಯಲ್ಲಿ ಕುಳಿತಿದ್ದ ಕಾರಣ ಎಂದರೆ ತಪ್ಪಾಗಲಾರದು.

ಆಳುಪರ ಮಾತು ಬಂದುದರಿಂದ ಇನ್ನೂ ಸ್ವಲ್ಪ ಹೇಳುತ್ತೇವೆ. ಸುಮಾರು ಕ್ರಿ.ಶ. 450ರದೆನ್ನುವ ಹಲ್ಮಿಡಿ ಶಾಸನದಲ್ಲೇ ಆಳುಪರ ಹೆಸರಿದೆ. 14ನೆಯ ಶತಮಾನದ ಕೊನೆಯ ತನಕವೂ ಅವರು ಶಾಸನಗಳಲ್ಲಿ ಕಾಣಿಸಿಕೊಳ್ಳುತ್ತಾರೆ. ಎಂಟು ನೂರು ವರ್ಷಗಳಿಗೂ ಮಿಕ್ಕಿ ಒಂದು ಮನೆತನ ಉಳಿದುಕೊಂಡುದು ಸಣ್ಣ ವಿಷಯವಲ್ಲ. ಇದು ಹೇಗಾಯಿತು? ಬಾದಾಮಿಯ ಚಾಲುಕ್ಯರು ಬಂದಾಗ ಅವರಿಗೆ ತಲೆಬಾಗಿದರು. ರಾಷ್ಟ್ರಕೂಟರು, ಕಲ್ಯಾಣದ ಚಾಲುಕ್ಯರು, ಹೊಯ್ಸಳರು ಬಂದಾಗಲೂ ಅಷ್ಟೇ. ಸಮಯ ಬಂದಾಗ ತಲೆಯೆತ್ತಿದರು. ಆಟವಾಡುವ ಹುಡುಗರಿಗೆ ಈ ಕತೆ ರುಚಿಸುವುದಿಲ್ಲ. ಇನ್ನೊಬ್ಬನಿಗೆ ಕಪ್ಪ ಕೊಟ್ಟರೆ ಸೋತಂತೆಯೇ ಎಂಬುದು ಅವರ ಮತ. ಮಂಗಳೂರು, ಉದ್ಯಾವರ, ಬಾರಕೂರುಗಳ ಬಂದರುಗಳನ್ನೂ ಬೈಲುಗಳನ್ನೂ ಒಂದೇ ಹೆಸರಿನಡಿಯಲ್ಲಿ ಕೂಡಿಸಿಟ್ಟವರು ಮಾತ್ರ ಈ ‘ಸೋತವರೇ’! ಅವರನ್ನು ಸೋಲಿಸಿದವರ ರಾಜ್ಯಗಳಾದರೋ ಇನ್ನೂರು ಮುನ್ನೂರು ವರ್ಷಗಳಲ್ಲಿ ಒಂದೊಂದಾಗಿ ಅಳಿದವು.

1342ರ ಸುಮಾರಿಗೆ ಈ ಕರಾವಳಿಯಲ್ಲಿ ಹಾದುಹೋದ ಮೊರೊಕ್ಕೊ ದೇಶದ ಇಬ್ನ್ ಬತೂತನು ಬರೆದ ಸಂಗತಿಯೊಂದನ್ನು ನಾವು ಪ್ರತಿವರ್ಷವೂ ಮಕ್ಕಳಿಗೆ ಹೇಳುವುದುಂಟು. ಅವನು ‘ಮುಲೈಬಾರ್’ ಎಂದು ಕರೆದ ನಾಡು ಗೋವೆಯಿಂದ ಆರಂಭವಾಗಿ ಕೊಲ್ಲಂವರೆಗೆ ಹಬ್ಬಿತ್ತು. ಅಂದರೆ ನಾವೆಲ್ಲ ಅದರೊಳಗಿನವರು. ಅಲ್ಲಿ ಹನ್ನೆರಡು ಮಂದಿ ಅರಸರು. ಕೆಲವರ ಸೈನ್ಯ ಐವತ್ತು ಸಾವಿರ, ಕೆಲವರದು ಮೂರೇ ಸಾವಿರ. ಹಾಗಿದ್ದರೂ ಬಲಿಷ್ಠನು ದುರ್ಬಲನ ನೆಲಕ್ಕೆ ಆಸೆಪಡುವುದಿಲ್ಲವೆಂದು ಅವನಿಗೆ ಆಶ್ಚರ್ಯ. ಒಬ್ಬನ ಸೀಮೆ ಮುಗಿದು ಇನ್ನೊಬ್ಬನದು ಆರಂಭವಾಗುವಲ್ಲಿ ಮರದ ಬಾಗಿಲೊಂದಿದ್ದು, ಮುಂದಿನ ಸೀಮೆಯ ಒಡೆಯನ ಹೆಸರನ್ನು ಅದರಲ್ಲಿ ಕೆತ್ತಿರುತ್ತಿದ್ದರಂತೆ. ಅದನ್ನು ಇಂಥವನ ಅಭಯದ ಬಾಗಿಲು ಎಂದು ಕರೆಯುತ್ತಿದ್ದರಂತೆ. ಮಂಗಳೂರಿನಲ್ಲಿ ನಾಲ್ಕು ಸಾವಿರದಷ್ಟು ಮುಸಲ್ಮಾನರಿದ್ದರು. ಊರವರಿಗೂ ಅವರಿಗೂ ಆಗಾಗ ಕಲಹವಾದರೆ, ವರ್ತಕರು ತನಗೆ ಬೇಕಾದವರೆಂಬ ಕಾರಣದಿಂದ ಅರಸನೇ ನಡುವೆ ನಿಂತು ರಾಜಿ ಮಾಡಿಸುತ್ತಿದ್ದನೆಂದೂ ಅವನು ಬರೆದಿದ್ದಾನೆ. ಪ್ರವಾಸಿಗಳ ಮಾತಿನಲ್ಲಿ ಉತ್ಪ್ರೇಕ್ಷೆ ಇದ್ದೇ ಇರುತ್ತದೆ. ಹನ್ನೆರಡು ಅರಸರ ನಡುವೆ ಜಗಳವೇ ಇರಲಿಲ್ಲವೆಂದು ನಂಬಲು ನಾವು ಸಿದ್ಧರಿಲ್ಲ. ಆದರೂ ಆ ಬಾಗಿಲನ್ನು ನೋಡಿ. ಅದು ಗಡಿಯೇ ಹೌದು. ಆದರೆ ದಾರಿಹೋಕನನ್ನು ತಡೆಯುವ ಗಡಿಯಲ್ಲ. ಇಲ್ಲಿಂದ ಮುಂದೆ ನಿನ್ನ ಪ್ರಾಣಕ್ಕೂ ಮೂಟೆಗೂ ನಾನು ಹೊಣೆ ಎಂದು ಸಾರುವ ಗಡಿ. ನಾಡು ಹನ್ನೆರಡು ತುಂಡಾಗಿದ್ದರೂ ವರ್ತಕನ ಪಾಲಿಗೆ ಒಂದೇ ಆಗಿತ್ತು. ಇಂತಹ ಒಗ್ಗಟ್ಟನ್ನು ತೋರಿಸುವ ಬಣ್ಣ ಆಟದ ಭೂಪಟದಲ್ಲಿ ಇಲ್ಲ.

ವಿಜಯನಗರದವರು ನಮ್ಮ ಕರಾವಳಿಯನ್ನು ಬಾರಕೂರು ರಾಜ್ಯ, ಮಂಗಳೂರು ರಾಜ್ಯ ಎಂದು ಎರಡು ಮಾಡಿ, ರಾಜ್ಯಪಾಲರನ್ನು ಕಳುಹಿಸುತ್ತಿದ್ದರು. ಒಬ್ಬನೇ ಬಹುಕಾಲ ಬೇರು ಬಿಡದಂತೆ ಆಗಾಗ ಅವರನ್ನು ಬದಲಿಸುತ್ತಿದ್ದರು. ಕೆಳಗಿನ ಬಂಗ, ಚೌಟ, ಅಜಿಲರ ಬೀಡುಗಳನ್ನು ಕೀಳಲು ಹೋಗಲಿಲ್ಲ. 1443ರಲ್ಲಿ ಪರ್ಶಿಯದ ರಾಯಭಾರಿ ಅಬ್ದುರ್ ರಜಾಕನು ಕಲ್ಲಿಕೋಟೆಯಿಂದ ಹೊರಟು ಮಂಗಳೂರಿಗೆ ಬಂದಾಗ, ವಿಜಯನಗರದ ಗಡಿ ಇಲ್ಲಿಂದ ಎಂದು ಗುರುತಿಸಿದನು. ಅದೇ ಅವನು, ಕಲ್ಲಿಕೋಟೆಯ ಸಾಮೂದಿರಿ ವಿಜಯನಗರದ ಅಧೀನನಲ್ಲದಿದ್ದರೂ ಆ ಅರಸನ ಮಾತಿಗೆ ಅಂಜಿ ನಡೆಯುತ್ತಾನೆಂದೂ ಹೇಳಿದ್ದಾನೆ. ಗೆಲ್ಲದೆಯೇ ಗೌರವ ಗಳಿಸಿದ ಬಗೆ ಇದು.

ಇನ್ನು ಇಕ್ಕೇರಿಯ ನಾಯಕರ ವಿಷಯ. ನಮ್ಮ ಮಕ್ಕಳು ಪ್ರವಾಸಕ್ಕೆಂದು ಹೋಗಿ ಛಾಯಾಚಿತ್ರ ತೆಗೆಸಿಕೊಳ್ಳುವ ಬೇಕಲ ಕೋಟೆ 17ನೆಯ ಶತಮಾನದ ನಡುಭಾಗದಲ್ಲಿ ಶಿವಪ್ಪ ನಾಯಕನ ಕಾಲದಲ್ಲಿ ಕಟ್ಟಿಸಿದ್ದೆನ್ನುತ್ತಾರೆ. ಚಂದ್ರಗಿರಿ ಕೋಟೆಯೂ ಅವನ ಹೆಸರಿನಲ್ಲೇ ಇದೆ. ಹೊಸದುರ್ಗದ ಕೋಟೆ ಆಮೇಲಿನ ಸೋಮಶೇಖರ ನಾಯಕನದು. ಆಟದ ನಿಯಮಗಳಿಗೆ ತೀರ ಹತ್ತಿರ ಬರುವ ತಂತ್ರ ಇದುವೇ: ಹೊಳೆ ದಾಟು, ಕೋಟೆ ಕಟ್ಟು, ಕಾವಲಿಡು, ಮುಂದಿನ ಹೊಳೆಗೆ ಹೋಗು. ಶಿವಪ್ಪ ನಾಯಕನು ಬರೀ ಕತ್ತಿಯ ಮನುಷ್ಯನಲ್ಲ. ಭೂಮಿಯ ಗುಣ ನೋಡಿ ಕಂದಾಯ ಗೊತ್ತುಮಾಡಿದ ಅವನ ‘ಶಿಸ್ತು’ ಇಂದಿಗೂ ಹೆಸರುವಾಸಿ. ಸ್ವತಃ ವೀರಶೈವರಾದ ಆ ಮನೆತನದವರು ಶೃಂಗೇರಿ ಮಠಕ್ಕೂ ದತ್ತಿಗಳನ್ನು ಕೊಟ್ಟರು. ಸಾಮ, ದಾನ, ಭೇದ, ದಂಡಗಳಲ್ಲಿ ಆಟಕ್ಕೆ ಹಿಡಿಸುವುದು ಕೊನೆಯ ಎರಡಾದರೆ, ಅವರಿಗೆ ಮೊದಲೆರಡರ ಬೆಲೆಯೂ ತಿಳಿದಿತ್ತು.

ಆ ಕೋಟೆಗಳ ಫಲವೇನಾಯಿತು? ಇಕ್ಕೇರಿಯ ಗಡಿ ಚಂದ್ರಗಿರಿಯನ್ನು ದಾಟಿ ನೀಲೇಶ್ವರದ ಕಡೆಗೆ ಸರಿಯಿತು. 1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿದಾಗ ಅದು ಅವನದಾಯಿತು. 1799ರಲ್ಲಿ ಟಿಪ್ಪುವಿನ ಪತನಾನಂತರ ಕಂಪೆನಿಯವರದಾಯಿತು. ಹೀಗೆ ಹೊಸದುರ್ಗ, ತೃಕ್ಕರಿಪುರಗಳು 1956ರ ತನಕ ಮಂಗಳೂರಿನ ಜಿಲ್ಲೆಗೇ ಸೇರಿದ್ದುವು. ಕೋಟೆ ಕಟ್ಟಿದವರ ವಂಶ ಅಳಿದು ಇನ್ನೂರು ವರ್ಷವಾಗುತ್ತ ಬಂದರೂ ಅವರು ಎಳೆದ ಕಂದಾಯದ ಗೆರೆ ಉಳಿದಿತ್ತು. ಅಷ್ಟು ಕಾಲದಲ್ಲಿ ಹೊಳೆಯಾಚೆಯ ಮಾತು ಬದಲಾಯಿತೇ? ಇಲ್ಲ. ಕೋಟೆಯ ಕಾವಲಿಗೆ ಬಂದು ನೆಲೆಸಿದ ರಾಮಕ್ಷತ್ರಿಯರು ತಮ್ಮ ಮನೆಗಳಲ್ಲಿ ಕನ್ನಡ ಉಳಿಸಿಕೊಂಡರು. ಸುತ್ತಲಿನವರು ಮಲಯಾಳವನ್ನು ಉಳಿಸಿಕೊಂಡರು. ಕೋಟೆ ಗಡಿಯನ್ನು ಸರಿಸಿತು, ಮಾತನ್ನು ಸರಿಸಲಿಲ್ಲ. ಆಟದಲ್ಲಾದರೋ ಗೆದ್ದ ಸೀಮೆಗೆ ಒಬ್ಬ ಅಧಿಕಾರಿಯನ್ನು ಕಳುಹಿಸಿ ಕೆಲವು ವರ್ಷ ಕಾದರೆ ಅಲ್ಲಿನ ಸಂಸ್ಕೃತಿಯೇ ಅರಸನ ಸಂಸ್ಕೃತಿಯಾಗಿ ಮಾರ್ಪಡುತ್ತದೆ! ಅದನ್ನು ಒಂದು ಗುಂಡಿ ಒತ್ತಿ ಮಾಡಬಹುದೆಂದು ಹುಡುಗರು ಹೇಳಿದಾಗ ನಮಗೆ ನಗು ಬಂತು. ಆಮೇಲೆ ಸ್ವಲ್ಪ ಭಯವೂ ಆಯಿತು.

ದೂರದ ಇಕ್ಕೇರಿಯನ್ನು ಬಿಟ್ಟು ನಮ್ಮದೇ ಕುಂಬಳೆ ಸೀಮೆಗೆ ಬರೋಣ. ಕುಂಬಳೆಯ ಅರಸು ದೊಡ್ಡ ಚಕ್ರವರ್ತಿಯಲ್ಲ. ಆದರೆ ಅವನ ಸೀಮೆ ಒಂದು ಸೀಮೆಯಾಗಿ ಜನರ ನೆನಪಿನಲ್ಲಿ ಇಂದಿಗೂ ನಿಂತಿದೆ. ಅಡೂರು, ಮಧೂರು, ಕಾವು, ಕಣಿಯಾರ ಎಂದು ಅಜ್ಜಿಯಂದಿರು ಒಂದೇ ಉಸಿರಿನಲ್ಲಿ ಹೇಳುವ ನಾಲ್ಕು ದೇವಸ್ಥಾನಗಳೇ ಆ ಸೀಮೆಯ ನಾಲ್ಕು ಕಂಬಗಳು. ಅಡೂರಿನ ಮಹಾಲಿಂಗೇಶ್ವರ ನಮ್ಮ ಪಂಚಾಯತಿನೊಳಗೇ ಇದ್ದಾನೆ. ಮಧೂರಿನಲ್ಲಿ ಮದನಂತೇಶ್ವರ, ಮುಜುಂಗಾವಿನಲ್ಲಿ ಪಾರ್ಥಸಾರಥಿ, ಕುಂಬಳೆಯ ಕಣಿಪುರದಲ್ಲಿ ಗೋಪಾಲಕೃಷ್ಣ. ಇಂತಹ ಊರಿನವರು ಇಂತಹ ಆಯನಕ್ಕೆ ಇಂತಹ ಕೆಲಸ ಮಾಡಬೇಕು, ಹೊರೆಕಾಣಿಕೆ ತರಬೇಕು ಎಂಬ ಕಟ್ಟು ಇದ್ದಲ್ಲಿ ಕೋಟೆಯ ಅಗತ್ಯ ಕಡಿಮೆ. ಎರಡನೆಯ ಹಗ್ಗ ವ್ಯಾಪಾರದ್ದು. 1514ರಲ್ಲಿ ಕುಂಬಳೆಗೆ ಬಂದ ಪೋರ್ಚುಗೀಸ್ ದೇಶದ ದುವಾರ್ತೆ ಬಾರ್ಬೋಸನು, ಇಲ್ಲಿನ ಅಕ್ಕಿ ಮಾಲ್ದೀವಿಗೆ ಹೋಗಿ ಅಲ್ಲಿಂದ ತೆಂಗಿನ ನಾರು ಬರುವುದನ್ನು ದಾಖಲಿಸಿದ್ದಾನೆ. ಮೂರನೆಯದು ಆಟಮೇಳದ್ದು. ಕುಂಬಳೆಯ ಪಾರ್ತಿಸುಬ್ಬನ ಪ್ರಸಂಗಗಳು ಯಾವ ಅರಸನ ಅಪ್ಪಣೆಯೂ ಇಲ್ಲದೆ ಅವನ ಗಡಿಗಿಂತ ಎಷ್ಟೋ ದೂರ ಹೋದವು. 1804ರಲ್ಲಿ ಆ ಅರಸು ಕಂಪೆನಿಯ ಸಣ್ಣ ಪಿಂಚಣಿಗೆ ಒಪ್ಪಿದುದರೊಂದಿಗೆ ರಾಜ್ಯ ಮುಗಿಯಿತು. ದೇವಸ್ಥಾನಗಳು ನಾಲ್ಕೂ ಇವೆ, ಬಯಲಾಟವೂ ಇದೆ.

ಸುಳ್ಳು ಹಕ್ಕು ಹೂಡಿ ನಾಡನ್ನು ಒಂದು ಮಾಡುವ ಉಪಾಯವಿದೆಯಷ್ಟೆ, ಅದಕ್ಕೂ ನಮ್ಮ ನೆರೆಯಲ್ಲೇ ದೃಷ್ಟಾಂತವಿದೆ. ಕಾಲ ಮಧ್ಯಯುಗವಲ್ಲ, 1837. ನಮ್ಮ ಜಿಲ್ಲೆಗೆ ಇಳಿದು ಬರುವ ಪಯಸ್ವಿನಿ ಮೊದಲು ಹಾದು ಬರುವ ಸುಳ್ಯ ಸೀಮೆ ಆಗ ಹೊತ್ತಿಕೊಂಡಿತು. ಕೊಡಗಿನ ಅರಸನನ್ನು ಇಂಗ್ಲಿಷರು 1834ರಲ್ಲಿ ಇಳಿಸಿ, ಅವನ ಕೈಯಲ್ಲಿದ್ದ ಅಮರಸುಳ್ಯ ಮಾಗಣೆಯನ್ನು ಮಂಗಳೂರಿನ ಜಿಲ್ಲೆಗೆ ಸೇರಿಸಿದ್ದರು. ಅದುವರೆಗೆ ಬೆಳೆಯ ರೂಪದಲ್ಲಿ ಸಲ್ಲುತ್ತಿದ್ದ ತೆರಿಗೆಯನ್ನು ನಗದಾಗಿ ಕೊಡಬೇಕಾಯಿತು. ಕೆದಂಬಾಡಿ ರಾಮಯ್ಯ ಗೌಡರೇ ಮೊದಲಾದವರು ದಂಡು ಕಟ್ಟಿದರು. ಹಾಲೇರಿ ವಂಶದ ಕಲ್ಯಾಣಸ್ವಾಮಿ ಇವನೇ ಎಂದು ಒಬ್ಬನನ್ನು ಮುಂದೆ ನಿಲ್ಲಿಸಿದರು. ಬೆಳ್ಳಾರೆಯ ಖಜಾನೆ ವಶವಾಯಿತು. ನಂದಾವರದ ಬಂಗರಸನೂ ಕೂಡಿಕೊಂಡನು. ಏಪ್ರಿಲ್ 5ರಂದು ಮಂಗಳೂರು ಸೇರಿ ಬಾವುಟಗುಡ್ಡೆಯಲ್ಲಿ ಹದಿಮೂರು ದಿನ ತಮ್ಮ ಧ್ವಜ ಹಾರಿಸಿದರು. ಕೊನೆಗೆ ಇಂಗ್ಲಿಷರ ಸೈನ್ಯ ಬಂದು, ಮುಖಂಡರು ಬಿಕರ್ನಕಟ್ಟೆಯಲ್ಲಿ ನೇಣಿಗೇರಿದರು. ರಾಮಯ್ಯ ಗೌಡರ ಪ್ರತಿಮೆ 2022ರಲ್ಲಿ ಮಂಗಳೂರಿನಲ್ಲಿ ಅನಾವರಣವಾಯಿತು. ಬೇರೆ ಬೇರೆ ಜಾತಿಮತಗಳ ಒಕ್ಕಲುಗಳು ಕೆಲವೇ ದಿನಗಳಲ್ಲಿ ಒಂದಾಗಿ ನಡೆದುದು ಬರೀ ಕಲ್ಯಾಣಸ್ವಾಮಿಯ ಹೆಸರಿಗೆ ಮರುಳಾಗಿಯೇ? ನಮಗೆ ಹಾಗೆ ತೋರುವುದಿಲ್ಲ. ತೆರಿಗೆಯ ಸಂಕಟ ಎಲ್ಲರ ಮನೆಯಲ್ಲೂ ಒಂದೇ ಆಗಿತ್ತು. ಹೆಸರು ಬರೀ ಕೊಂಬಿನ ಕೂಗು.

1956ರ ನವೆಂಬರ್ 1ರಂದು ನಮ್ಮ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಕೋಟೆಯಿಲ್ಲ, ದಂಡಿಲ್ಲ; ಕಾಗದದ ಮೇಲೆ ಒಂದು ಗೆರೆ. ಚಂದ್ರಗಿರಿಯಿಂದ ಬಡಗಿನ ಭಾಗ ಮೈಸೂರಿಗೆ ಸೇರಬೇಕೆಂದು ಮಹಾಜನ ಆಯೋಗವು 1967ರಲ್ಲಿ ಶಿಫಾರಸು ಮಾಡಿತು. ಅದು ಜಾರಿಗೆ ಬರಲಿಲ್ಲ. ಆ ನೋವಿಗಾಗಿ ಕಯ್ಯಾರ ಕಿಞ್ಞಣ್ಣ ರೈಗಳಂತಹ ಹಿರಿಯರು ನೂರು ವರ್ಷದ ಬಾಳಿನುದ್ದಕ್ಕೂ ದನಿಯೆತ್ತಿದ್ದನ್ನು ಮರೆಯಬಾರದು. ಆದರೆ ಈ ಲೇಖನದಲ್ಲಿ ನಾವು ಕೇಳಬೇಕೆಂದಿರುವುದು ಬೇರೆ. ಗೆರೆಯ ಈಚೆಗೆ ಉಳಿದ ನಾವು ಪರಸ್ಪರ ಎಷ್ಟು ಒಂದಾಗಿದ್ದೇವೆ? ಏಳು ಭಾಷೆಗಳ ಸಂಗಮಭೂಮಿಯೆಂದು ಸಭೆಗಳಲ್ಲಿ ಹೆಮ್ಮೆಪಡುತ್ತೇವೆ. ನಮ್ಮ ಅಂಗಡಿಗಳಲ್ಲಿ, ಬಸ್ಸುಗಳಲ್ಲಿ, ತೋಟದ ಕೆಲಸದಲ್ಲಿ ಕನ್ನಡ, ತುಳು, ಮಲಯಾಳ, ಬ್ಯಾರಿ, ಮರಾಠಿ, ಕೊಂಕಣಿಗಳು ದಿನವೂ ಎದುರುಬದುರಾಗುತ್ತವೆ. ಹಿರಿಯರು ಮೂರು ನಾಲ್ಕು ಭಾಷೆಗಳನ್ನು ಯಾವ ಮೇಷ್ಟರ ಸಹಾಯವೂ ಇಲ್ಲದೆ ಆಡುತ್ತಿದ್ದರು. ಈಗ ಕನ್ನಡ ಮಾಧ್ಯಮದ ಮಗು ಮಲಯಾಳದ ಅರ್ಜಿ ಓದಲಾರದು; ಮಲಯಾಳ ಮಾಧ್ಯಮದ ಮಗುವಿಗೆ ಕನ್ನಡದ ನಾಮಫಲಕ ಬರೀ ಚಿತ್ರ; ಎರಡೂ ಬೇಡವೆಂದು ಇಂಗ್ಲಿಷ್ ಮಾಧ್ಯಮಕ್ಕೆ ಹೋದ ಮಗುವಿಗೆ ಅಜ್ಜಿಯ ಪಾಡ್ದನ ತಿಳಿಯದು. ಒಂದೇ ಬೈಲಿನ ಮೂರು ಮನೆಗಳ ಮಕ್ಕಳು ಬೆಳಗ್ಗೆ ಮೂರು ಬಸ್ಸು ಹತ್ತುತ್ತಾರೆ.

ಕನ್ನಡದಲ್ಲಿ ಓದಿಸಿದರೆ ಮಗುವಿಗೆ ಈ ರಾಜ್ಯದಲ್ಲಿ ನೌಕರಿ ಎಲ್ಲಿ ಎಂದು ರಕ್ಷಕರು ಕೇಳುತ್ತಾರೆ. ಅದು ಸುಮ್ಮನೆ ತಳ್ಳಿಹಾಕುವ ಪ್ರಶ್ನೆಯಲ್ಲ. ನಮ್ಮ ಅಭಿಪ್ರಾಯವನ್ನು ನೇರವಾಗಿಯೇ ಹೇಳುತ್ತೇವೆ: ಮಕ್ಕಳು ಕನ್ನಡದಲ್ಲೇ ಓದಲಿ, ಮಲಯಾಳವನ್ನು ಹಗೆಯ ಭಾಷೆಯೆಂದು ತಿಳಿಯದೆ ಚೆನ್ನಾಗಿ ಕಲಿಯಲಿ. ಹಾಗೆಯೇ ಈ ಸೀಮೆಯ ಮಲಯಾಳ ಶಾಲೆಗಳಲ್ಲಿ ಕನ್ನಡ ಅಕ್ಷರವನ್ನಾದರೂ ಕಲಿಸಬೇಕೆಂದು ಕೇಳುವ ಹಕ್ಕು ನಮಗಿದೆ, ಕೇಳಬೇಕು ಕೂಡ. ಬಾಗಿಲಿಗೆ ಎರಡು ಕಡೆಯಿಂದಲೂ ಚಿಲಕವಿರಬಾರದು. ಒಂದೇ ಕಡೆಯವರು ತೆರೆದರೆ ಅದು ಅಭಯದ ಬಾಗಿಲಾಗದು, ಶರಣಾಗತಿಯಾದೀತು.

ಆಟವಾಡುವ ಹುಡುಗರಿಗೆ ಒಂದು ಕೆಲಸ ಹಚ್ಚಬೇಕೆಂದು ನಾವು ಯೋಚಿಸಿದ್ದೇವೆ. ಬರುವ ಬೇಸಗೆ ರಜೆಯಲ್ಲಿ ಕುಂಬಳೆ ಸೀಮೆಯ ದೊಡ್ಡ ಭೂಪಟವೊಂದನ್ನು ಅವರೇ ಬರೆಯಲಿ. ನೆರೆಯ ಮಲಯಾಳ ಶಾಲೆಯ ಮಕ್ಕಳನ್ನೂ ಕರೆಯಲಿ. ಹಳೆಯ ಮಾಗಣೆಗಳು, ಗುತ್ತುಗಳು, ನಾಲ್ಕು ದೇವಸ್ಥಾನಗಳು, ಮಸೀದಿಗಳು, ಸುಂಕದ ಕಟ್ಟೆಗಳು, ಸಂತೆಗಳು, ಎತ್ತಿನ ಮೇಲೆ ಅಡಿಕೆ ಉಪ್ಪು ಹೇರಿಕೊಂಡು ಹೋಗುತ್ತಿದ್ದ ದಾರಿಗಳು, ಪಯಸ್ವಿನಿಯ ಕಡವುಗಳು ಎಲ್ಲವೂ ಅದರಲ್ಲಿರಲಿ. ಒಂದೊಂದು ಜಾಗಕ್ಕೂ ಕನ್ನಡದಲ್ಲಿ, ತುಳುವಿನಲ್ಲಿ, ಮಲಯಾಳದಲ್ಲಿ ಏನೇನು ಹೆಸರಿತ್ತೆಂದು ಮನೆಯ ಹಿರಿಯರನ್ನು ಕೇಳಿ ಬರೆದುಕೊಂಡು ಬರಲಿ. ಯಾವ ಭಾಗಕ್ಕೆ ಯಾವ ಬಣ್ಣ ಬಳಿಯಬೇಕೆಂದು ಅವರೊಳಗೆ ಜಗಳ ಹುಟ್ಟುವುದು ಖಂಡಿತ. ಆ ಜಗಳ ತೀರುವ ತನಕ ಬಣ್ಣದ ಪೆಟ್ಟಿಗೆ ನಮ್ಮ ಕಪಾಟಿನಲ್ಲೇ ಇರಲಿ. ಹೆಸರು ಬರೆಯಲು ಪೆನ್ಸಿಲು ಸಾಕು.